ಹಾರುವಾಗ ಹೊಸ ಸದ್ದು ಕೇಳಿದರೆ: ಸಣ್ಣ ವಿಮಾನ ಹಾರಿಸುವವರು ಹಂತ ಹಂತವಾಗಿ ಮಾಡಬೇಕಾದದ್ದು

ನಾಲ್ಕು ಸೀಟಿನ ಸಣ್ಣ ವಿಮಾನ. ನೆಲ ಬಿಟ್ಟು ಅರ್ಧ ನಿಮಿಷವೂ ಆಗಿಲ್ಲ. ಇದ್ದಕ್ಕಿದ್ದ ಹಾಗೆ ಬಲಗಡೆಯಿಂದ ದಡದಡ, ದಡ್, ದಡದಡ ಅಂತ ಬಡಿತ ಶುರು. ಯಾರೋ ಹೊರಗೆ ನಿಂತು ತಗಡಿಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಎಂಜಿನ್ ಒಡೆದೇ ಹೋಯಿತು ಅನ್ನಿಸಿ ಜೀವ ಬಾಯಿಗೆ ಬರುತ್ತದೆ.

ಬಹಳ ಸಲ ಅದು ಸೀಟ್ ಬೆಲ್ಟ್. ಪಕ್ಕದ ಸೀಟಿನ ಬೆಲ್ಟಿನ ತುದಿ ಬಾಗಿಲ ಸಂದಿಯಿಂದ ಹೊರಗೆ ಉಳಿದಿರುತ್ತದೆ. 80 ನಾಟ್, ಅಂದರೆ ಗಂಟೆಗೆ ಸುಮಾರು 148 ಕಿಲೋಮೀಟರ್ ವೇಗದ ಗಾಳಿ ಅದನ್ನು ಎತ್ತಿ ಎತ್ತಿ ವಿಮಾನದ ಮೈಗೆ ಬಡಿಯುತ್ತದೆ. ಬಣ್ಣ ಕಿತ್ತುಹೋಗಬಹುದು, ಅಷ್ಟೇ. ಬೆಲ್ಟಿನಿಂದ ವಿಮಾನ ಬೀಳುವುದಿಲ್ಲ. ಆದರೆ ಆ ಸದ್ದು ಕೇಳಿದ ಪೈಲಟ್ ಮುಂದಿನ ಹತ್ತು ಸೆಕೆಂಡಿನಲ್ಲಿ ಏನು ಮಾಡುತ್ತಾರೆ ಅನ್ನುವುದರಿಂದ ಬೀಳಬಹುದು. ಹಾರಾಟ ಕಲಿಸುವುದು ನನ್ನ ಕೆಲಸ. ಈ ಹತ್ತು ಸೆಕೆಂಡನ್ನು ಹಾಳು ಮಾಡಿಕೊಳ್ಳುವವರನ್ನು ಪಕ್ಕದ ಸೀಟಿನಲ್ಲಿ ಕೂತು ತುಂಬಾ ನೋಡಿದ್ದೇನೆ. ಅದಕ್ಕೇ ಈ ಬರಹ.

ಹಂತ 1: ಸರಿಯಾದ ಸದ್ದನ್ನು ಕಿವಿಗೆ ಕಲಿಸಿ

ಹೊಸ ಸದ್ದು ಗೊತ್ತಾಗಬೇಕಾದರೆ ಮಾಮೂಲಿ ಸದ್ದು ಗೊತ್ತಿರಬೇಕು, ಅಲ್ವಾ? ಫ್ಲಾಪ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗಿಳಿಯುವ ಭಾಗ) ಇಳಿಸುವಾಗ ಮೋಟಾರ್ ಗೊರ್ ಅನ್ನುತ್ತದೆ. ಎಲೆಕ್ಟ್ರಿಕ್ ಫ್ಯುಯೆಲ್ ಪಂಪ್ ಟಿಕ್‌ಟಿಕ್ ಅನ್ನುತ್ತದೆ. ನೆಲ ಬಿಟ್ಟ ಕೂಡಲೇ ಕಾಲಡಿಯಲ್ಲಿ ಗರಗರ ನಡುಕ ಬಂದರೆ ಅದು ಇನ್ನೂ ತಿರುಗುತ್ತಿರುವ ಚಕ್ರ. ಬ್ರೇಕನ್ನು ಮೆಲ್ಲಗೆ ಮುಟ್ಟಿ ನೋಡಿ. ನಡುಕ ನಿಂತರೆ ಚಕ್ರದ್ದೇ ಅಂತ ಖಾತ್ರಿ.

ಹೆಡ್‌ಸೆಟ್ ಬಗ್ಗೆ ಒಂದು ಮಾತು. ಗದ್ದಲ ತಗ್ಗಿಸುವ ಎಲೆಕ್ಟ್ರಾನಿಕ್ ಹೆಡ್‌ಸೆಟ್ ಕಿವಿಗೆ ಒಳ್ಳೆಯದು, ಹಾಕಿಕೊಳ್ಳಿ. ಆದರೆ ಹೊಸ ವಿಮಾನದಲ್ಲಿ ಮೊದಲ ಹತ್ತು ಗಂಟೆಯ ಹಾರಾಟದಲ್ಲಿ, ಪ್ರತಿ ಸಲ ಐದು ನಿಮಿಷ ಆ ಸ್ವಿಚ್ ಆಫ್ ಮಾಡಿ ಸುಮ್ನೆ ಕೇಳಿ. ಎಂಜಿನ್‌ನ ಗುಂಯ್‌ಗುಡುವಿಕೆಯಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಆ ಹೆಡ್‌ಸೆಟ್ ನುಂಗಿಬಿಡುತ್ತದೆ. ಇದನ್ನು ನನ್ನ ಹತ್ತಿರ ಕಲಿಯುವವರೆಲ್ಲರೂ ಮಾಡಲೇಬೇಕು.

ಹಾರುವ ಮೊದಲು ನಾಲ್ಕು ಕಡೆ ಕೈಯಿಟ್ಟು ನೋಡಿ: ಬೆಲ್ಟಿನ ತುದಿಗಳು, ಬಾಗಿಲ ಚಿಲಕ, ಇಂಧನದ ಮುಚ್ಚಳ, ಕೌಲಿಂಗ್ (ಎಂಜಿನ್‌ನ ಹೊರ ಹೊದಿಕೆ) ಮೇಲಿನ ಆಯಿಲ್ ಬಾಗಿಲು. ಕಣ್ಣಲ್ಲಿ ನೋಡಿದರೆ ಸಾಲದು, ಕೈಯಲ್ಲಿ ಎಳೆದು ನೋಡಬೇಕು. ಖಾಲಿ ಸೀಟಿನ ಬೆಲ್ಟನ್ನು ಬಕಲ್ ಹಾಕಿ ಬಿಗಿ ಮಾಡಿಬಿಡಿ.

ಹಂತ 2: ಮೊದಲ ಹತ್ತು ಸೆಕೆಂಡು ಸದ್ದಿನ ಕಡೆ ತಿರುಗಬೇಡಿ

ಸದ್ದು ಬಂದ ಕಡೆ ತಲೆ ತಾನಾಗಿ ತಿರುಗುತ್ತದೆ. ತಲೆಯ ಜೊತೆ ಭುಜ ತಿರುಗುತ್ತದೆ, ಭುಜದ ಜೊತೆ ಕಂಟ್ರೋಲ್ ಹಿಡಿದ ಕೈ ಹಿಂದಕ್ಕೆ ಬರುತ್ತದೆ. ಮೂಗು ಮೇಲೇಳುತ್ತದೆ, ವೇಗ ಇಳಿಯುತ್ತದೆ. ನೆಲದಿಂದ 300 ಅಡಿ ಎತ್ತರದಲ್ಲಿ ಇದು ಆದರೆ ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಮೂಗು ಎಲ್ಲಿದೆ, ವೇಗ ಎಷ್ಟಿದೆ, ರೆಕ್ಕೆ ಸಮ ಇದೆಯಾ? ಈ ಮೂರನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಜೋರಾಗಿಯೇ ಹೇಳಿ. ಮೂರೂ ಸರಿ ಇದ್ದು ಎಂಜಿನ್ ಎಳೆಯುತ್ತಿದ್ದರೆ ಥ್ರಾಟಲ್ (ಒತ್ತಿದರೆ ಎಂಜಿನ್ ಬಲ ಏರಿಸುವ, ಎಳೆದರೆ ಇಳಿಸುವ ಹಿಡಿ) ಮುಟ್ಟಬೇಡಿ. ನೆಲದಿಂದ 1000 ಅಡಿ ಆಗುವವರೆಗೆ ನೇರ ಏರುತ್ತಾ ಹೋಗಿ. ಸದ್ದು ಬಡಿದುಕೊಳ್ಳುತ್ತಾ ಇರಲಿ.

ಎಂಜಿನ್ ಎಳೆಯುತ್ತಿಲ್ಲ ಅನ್ನಿಸಿದರೆ ಮೊದಲು ಮೂಗು ಇಳಿಸಿ. ಆ ವಿಮಾನ ಅತಿ ದೂರ ತೇಲುವ ವೇಗ ಎಷ್ಟೋ ಅದಕ್ಕೆ ತನ್ನಿ. ಸೆಸ್ನಾ 172ರಲ್ಲಿ ಅದು ಮಾಡೆಲ್ ನೋಡಿಕೊಂಡು 65ರಿಂದ 68 ನಾಟ್. ನಿಮ್ಮ ವಿಮಾನದ ಸಂಖ್ಯೆ ನಿಮಗೆ ಬಾಯಿಪಾಠ ಇರಬೇಕು. ಇನ್ನೂ ತಗ್ಗಿನಲ್ಲಿದ್ದರೆ ಹಿಂದಿರುಗಿ ರನ್‌ವೇ ಮುಟ್ಟುವ ಆಸೆ ಬಿಡಿ, ಎದುರಿಗೆ ಕಾಣುವ ಬಯಲಲ್ಲೇ ಇಳಿಯಿರಿ.

ಹಂತ 3: ಸದ್ದು ಎಲ್ಲಿಯದು ಅಂತ ಕಂಡುಹಿಡಿಯಿರಿ

ಎಡವುವವರೆಲ್ಲ ಎಡವುವುದು ಇಲ್ಲೇ. ಗಾಬರಿಯಲ್ಲಿ ಥ್ರಾಟಲ್ ಎಳೆಯುತ್ತಾರೆ, ಮಿಕ್ಸ್ಚರ್ (ಗಾಳಿಗೆ ಎಷ್ಟು ಇಂಧನ ಬೆರೆಯಬೇಕು ಅನ್ನುವುದರ ಹಿಡಿ) ತಿರುಗಿಸುತ್ತಾರೆ, ಇಂಧನ ಬರುವ ಟ್ಯಾಂಕ್ ಬದಲಿಸುತ್ತಾರೆ, ಫ್ಲಾಪ್ ಇಳಿಸುತ್ತಾರೆ. ಎಲ್ಲಾ ಒಂದೇ ಉಸಿರಿನಲ್ಲಿ. ಸದ್ದು ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ. ಜಾಸ್ತಿಯಾದರೂ ಗೊತ್ತಾಗುವುದಿಲ್ಲ. ಎತ್ತರ ಕೈಯಲ್ಲಿದ್ದಾಗ ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ. ಬದಲಿಸಿ ಐದು ಎಣಿಸಿ. ಕೇಳಿ. ಆಮೇಲೆ ಮುಂದಿನದು. ಸದ್ದಿನ ಜೊತೆ ಎಂಜಿನ್‌ನ ಎಳೆತವೂ ಕಮ್ಮಿ ಆಗುತ್ತಿದ್ದರೆ ಮಾತ್ರ ಈ ಪರೀಕ್ಷೆಗಳಿಗೆ ಕೂರಬೇಡಿ. ನೇರ ಕಾರ್ಬ್ ಹೀಟ್ (ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಹಿಡಿ), ಟ್ಯಾಂಕ್, ಪಂಪ್, ಮಿಕ್ಸ್ಚರ್ ನೋಡಿ.

ಮೊದಲು ಸದ್ದನ್ನು ಎಣಿಸಲು ಆಗುತ್ತದೆಯೇ ನೋಡಿ. ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ನಾಲ್ಕು ಸಿಲಿಂಡರ್ ಎಂಜಿನ್ 2400 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2400 ಸುತ್ತು ತಿರುಗುವಾಗ, ಎರಡು ಸುತ್ತಿಗೆ ಒಂದು ಸಲದಂತೆ ಒಂದೊಂದು ಸಿಲಿಂಡರ್ ಸೆಕೆಂಡಿಗೆ 20 ಸಲ ಉರಿಯುತ್ತದೆ. ನಾಲ್ಕೂ ಸೇರಿ 80 ಸಲ. ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ 20 ಸಲ ತಪ್ಪುತ್ತದೆ. ಅದನ್ನು ಕಿವಿ ಎಣಿಸಲಾರದು. ಸೀಟಿನಲ್ಲಿ, ಪೆಡಲ್ ಮೇಲಿಟ್ಟ ಪಾದದಲ್ಲಿ ಒಂದೇ ಸಮ ನಡುಕವಾಗಿ ಗೊತ್ತಾಗುತ್ತದೆ. ಟಕ್, ಟಕ್‌ಟಕ್, ಟಕ್ ಅಂತ ತಾಳ ತಪ್ಪಿ ಎಣಿಸಲು ಸಿಗುವ ಬಡಿತ ಹೆಚ್ಚಾಗಿ ಹೊರಗಡೆ ಗಾಳಿಗೆ ಬಡಿದುಕೊಳ್ಳುವ ವಸ್ತುವಿನದ್ದು. ಎಂಜಿನ್ ಏರಿ, ಇಳಿದು, ಮತ್ತೆ ಏರಿದ ಹಾಗೆ ನಿಧಾನವಾಗಿ ಉಸಿರೆಳೆದರೆ ಅದು ಬೇರೆ ಕಥೆ. ಇಂಧನ ಸರಿಯಾಗಿ ಬರುತ್ತಿಲ್ಲ ಅಂತ ಅರ್ಥ. ಟ್ಯಾಂಕ್ ಬದಲಿಸಿ, ಪಂಪ್ ಇದ್ದರೆ ಹಾಕಿ.

ಎರಡನೆಯದು ಥ್ರಾಟಲ್. ನಿಧಾನವಾಗಿ 200 ಆರ್‌ಪಿಎಂ ಇಳಿಸಿ. ಸದ್ದು ಅದರ ಜೊತೆಗೇ ಇಳಿದರೆ ಎಂಜಿನ್ ಅಥವಾ ಪ್ರೊಪೆಲ್ಲರ್ ಕಡೆಯದು. ಮತ್ತೆ ಮೊದಲಿನ ಜಾಗಕ್ಕೆ ತನ್ನಿ.

ಮೂರನೆಯದು ವೇಗ. ಥ್ರಾಟಲ್ ಹಾಗೇ ಬಿಟ್ಟು ಮೂಗನ್ನು ತುಸು ಎತ್ತಿ 10 ನಾಟ್ ಕಮ್ಮಿ ಮಾಡಿ. ಬಡಿತ ನಿಧಾನವಾದರೆ ಗಾಳಿಯದ್ದು. ಇಲ್ಲೊಂದು ಎಚ್ಚರ: ಫಿಕ್ಸ್ಡ್ ಪಿಚ್ (ಅಲಗಿನ ಕೋನ ಬದಲಿಸಲಾಗದ) ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ವೇಗ ಇಳಿದರೆ ಆರ್‌ಪಿಎಂ ಕೂಡ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಈ ಒಂದು ಪರೀಕ್ಷೆ ಮಾಡಿ ತೀರ್ಮಾನಕ್ಕೆ ಬರಬೇಡಿ. ಥ್ರಾಟಲ್, ವೇಗ ಎರಡರ ಪರೀಕ್ಷೆಯನ್ನೂ ಮಾಡಿ.

ಗಾಳಿಯ ಸದ್ದು ಅಂತಾದರೆ

ಬೆಲ್ಟ್, ಆಯಿಲ್ ಬಾಗಿಲು, ಸಡಿಲಾದ ಮುಚ್ಚಳ, ಕಿತ್ತುಬಂದ ರಬ್ಬರ್ ಸೀಲ್. ಸೀಲ್ ಆದರೆ ಸುಂಯ್ ಅಂತ ಶಿಳ್ಳೆ ಹೊಡೆಯುತ್ತದೆ. ಬೆಲ್ಟನ್ನು ಒಳಗೆ ಎಳೆದುಕೊಳ್ಳಲು ಹಾರುವಾಗ ಬಾಗಿಲು ತೆಗೆಯುವವರಿದ್ದಾರೆ. ಯಾವ ಕಾರಣಕ್ಕೂ ಬೇಡ. ಬಡಿದುಕೊಳ್ಳಲಿ ಬಿಡಿ, ಇಳಿದ ಮೇಲೆ ತೆಗೆಯಿರಿ.

ಬಾಗಿಲೇ ತೆರೆದುಕೊಂಡರೆ? ಧಡ್ ಅನ್ನುತ್ತದೆ, ಗಾಳಿ ಭೋರ್ಗರೆಯುತ್ತದೆ, ಮ್ಯಾಪು ಹಾಳೆ ಹಾರುತ್ತವೆ. ಆದರೆ ಸಾಮಾನ್ಯವಾಗಿ ಬಾಗಿಲು ಪೂರ್ತಿ ಬಾಯಿ ತೆರೆಯುವುದಿಲ್ಲ. ಮುಂದಿನಿಂದ ನುಗ್ಗುವ ಗಾಳಿ ಅದನ್ನು ಸ್ವಲ್ಪವೇ ತೆರೆದ ಸ್ಥಿತಿಯಲ್ಲಿ ಒತ್ತಿ ಹಿಡಿಯುತ್ತದೆ. ವಿಮಾನ ಹಾರುತ್ತದೆ. ಪೈಪರ್ ಚೆರೋಕಿ ಥರದ ವಿಮಾನದಲ್ಲಿ ಬಾಗಿಲಿಗೆ ಮೇಲೊಂದು ಚಿಲಕ, ಪಕ್ಕದಲ್ಲೊಂದು ಚಿಲಕ. ಮೇಲಿನದನ್ನು ಮರೆತರೆ ಹೀಗಾಗುವುದು ಮಾಮೂಲು. ಮುಚ್ಚಲು ಒದ್ದಾಡದೆ, ಅವಸರವಿಲ್ಲದೆ ಒಂದು ಸುತ್ತು ಹಾಕಿ ಎಂದಿನಂತೆ ಇಳಿಯಿರಿ. ಪಕ್ಕದಲ್ಲಿ ಕೂತವರಿಗೆ "ಏನೂ ಆಗಲ್ಲ, ಬಾಗಿಲು ಮುಟ್ಟಬೇಡಿ" ಅಂತ ಮೊದಲೇ ಹೇಳಿ.

ಕೈಯಲ್ಲಿ ಹಿಡಿದ ಕಂಟ್ರೋಲ್ ತಾನಾಗಿ ಝುಂಯ್ ಅಂತ ನಡುಗುತ್ತಿದ್ದರೆ, ಅದರಲ್ಲೂ ವೇಗದಲ್ಲಿ ಇಳಿಯುವಾಗ, ಪರೀಕ್ಷೆ ಮಾಡುತ್ತಾ ಕೂರಬೇಡಿ. ಬಾಲದ ಅಥವಾ ರೆಕ್ಕೆಯ ಭಾಗ ಅದುರುತ್ತಿರಬಹುದು. ಥ್ರಾಟಲ್ ಪೂರ್ತಿ ಎಳೆಯಿರಿ, ಮೂಗನ್ನು ಮೆಲ್ಲಗೆ ಎತ್ತಿ ವೇಗ ಇಳಿಸಿ.

ಎಂಜಿನ್‌ನ ಸದ್ದು ಅಂತಾದರೆ

ಕಾರ್ಬ್ಯುರೇಟರ್ ಇರುವ ಎಂಜಿನ್‌ನಲ್ಲಿ ಮೊದಲ ಅನುಮಾನ ಮಂಜುಗಡ್ಡೆಯ ಮೇಲೆ. ಹೊರಗೆ ಬೆಚ್ಚಗಿದೆ, ಮಂಜುಗಡ್ಡೆ ಎಲ್ಲಿಂದ ಅನ್ನುತ್ತಾರೆ. ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ದಾರಿಯಲ್ಲಿ ನುಗ್ಗುವಾಗ ಕಾರ್ಬ್ಯುರೇಟರ್ ಒಳಗೆ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಇಳಿಯಬಹುದು. ಹೊರಗೆ 21 ಡಿಗ್ರಿಗಿಂತ ಕಮ್ಮಿ ಇದ್ದು, ಗಾಳಿಯಲ್ಲಿ ತೇವ 80 ಶೇಕಡಾಕ್ಕಿಂತ ಹೆಚ್ಚಿದ್ದಾಗ ಅಪಾಯ ಜಾಸ್ತಿ. ಅದಕ್ಕಿಂತ ಬಿಸಿ ದಿನಗಳಲ್ಲೂ ಆಗುತ್ತದೆ. ಮೊದಲು ಸದ್ದೇ ಇರುವುದಿಲ್ಲ. ಆರ್‌ಪಿಎಂ ಸದ್ದಿಲ್ಲದೆ ಇಳಿಯುತ್ತದೆ, ನಾವು ಗೊತ್ತಿಲ್ಲದೆ ಥ್ರಾಟಲ್ ತುಸು ತುಸು ಒತ್ತುತ್ತಾ ಹೋಗುತ್ತೇವೆ. ಆಮೇಲೆ ಎಂಜಿನ್ ಕೆಮ್ಮುತ್ತದೆ.

ಕಾರ್ಬ್ ಹೀಟ್ ಪೂರ್ತಿ ಎಳೆಯಿರಿ. ಅರ್ಧ ಎಳೆಯಬೇಡಿ. ಈಗ ನೀವು ನಿರೀಕ್ಷಿಸದ್ದು ಆಗುತ್ತದೆ: ಎಂಜಿನ್ ಇನ್ನೂ ಜಾಸ್ತಿ ಒರಟಾಗುತ್ತದೆ. ಕರಗಿದ ನೀರು ಸಿಲಿಂಡರ್ ಒಳಗೆ ಹೋಗುತ್ತಿದೆ, ಅದಕ್ಕೆ. ಇದೇ ಹೊತ್ತಿಗೆ ಹೆದರಿ ಕಾರ್ಬ್ ಹೀಟನ್ನು ವಾಪಸ್ ಒತ್ತಿಬಿಡುತ್ತಾರೆ. ದಯವಿಟ್ಟು ಒತ್ತಬೇಡಿ. ಆ ಕೆಮ್ಮು ಔಷಧಿ ಕೆಲಸ ಮಾಡುತ್ತಿರುವ ಗುರುತು. ಕಾದರೆ ಆರ್‌ಪಿಎಂ ಮತ್ತೆ ಏರುತ್ತದೆ. ಆಗ ಬಂದದ್ದು ಮಂಜುಗಡ್ಡೆಯೇ ಅಂತ ಖಾತ್ರಿ.

ಕಾರ್ಬ್ ಹೀಟಿಗೆ ಬಗ್ಗದಿದ್ದರೆ ಮಿಕ್ಸ್ಚರ್ ನೋಡಿ. ಆಮೇಲೆ ಮ್ಯಾಗ್ನೆಟೊ. ಒಂದೊಂದು ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಕಿಡಿ ಕೊಡಲು ಎರಡು ಮ್ಯಾಗ್ನೆಟೊ. ಕೀಲಿಯನ್ನು ಒಂದೊಂದರ ಮೇಲೆ ನಿಧಾನವಾಗಿ ಇಟ್ಟು ನೋಡಿ, ಆಫ್ ತನಕ ಹೋಗದ ಹಾಗೆ ಎಚ್ಚರ ಇರಲಿ. ಒಂದರ ಮೇಲೆ ನಯವಾಗಿ ಓಡಿದರೆ ಅದರ ಮೇಲೆಯೇ ಬಿಟ್ಟು ಇಳಿಯಿರಿ.

ಹಲ್ಲು ಕಡಿಯುವಷ್ಟು ನಡುಕ ಒಮ್ಮೆಲೇ ಬಂದರೆ ಪ್ರೊಪೆಲ್ಲರ್‌ನ ತುಂಡು ಹಾರಿಹೋಗಿರಬಹುದು. ಆಗ ಥ್ರಾಟಲ್ ತಕ್ಷಣ ಎಳೆಯಿರಿ, ನಡುಕ ನಿಲ್ಲದಿದ್ದರೆ ಎಂಜಿನ್ ಆಫ್ ಮಾಡಿ. ಆ ನಡುಕ ಎಂಜಿನ್ನನ್ನೇ ಅದರ ಜಾಗದಿಂದ ಕಿತ್ತುಹಾಕಬಲ್ಲದು.

ಎಂಜಿನ್ ಸದ್ದು ಒಡೆದ ಸೈಲೆನ್ಸರ್‌ನ ಬೈಕಿನಂತೆ ಜೋರಾಗಿದೆಯೇ? ಎಕ್ಸಾಸ್ಟ್ ಬಿರುಕು ಬಿಟ್ಟಿರಬಹುದು. ಇದು ಸದ್ದಿಗಿಂತ ವಿಷದ ವಿಷಯ. ಹಲವು ಸಣ್ಣ ವಿಮಾನಗಳಲ್ಲಿ ಒಳಗಿನ ಹೀಟರ್ ಬಿಸಿ ತೆಗೆದುಕೊಳ್ಳುವುದೇ ಎಕ್ಸಾಸ್ಟ್ ಸುತ್ತಲಿನ ಗಾಳಿಯಿಂದ. ಅಲ್ಲಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. ಹೀಟರ್ ಮುಚ್ಚಿ, ಹೊರಗಾಳಿ ಬಿಡಿ, ಹತ್ತಿರದ ರನ್‌ವೇಗೆ ಇಳಿಯಿರಿ. ಬಣ್ಣ ಬದಲಿಸುವ ಚುಕ್ಕೆಯ ಅಂಟು ಕಾರ್ಡುಗಳನ್ನು ನಂಬಬೇಡಿ. ಅವುಗಳ ಆಯಸ್ಸು ಕೆಲವೇ ತಿಂಗಳು. ಅವಧಿ ಮುಗಿದು ಬಿಸಿಲಿಗೆ ಮಾಸಿದವು ಡ್ಯಾಶ್‌ಬೋರ್ಡಿನಲ್ಲಿ ಹಾಗೇ ಅಂಟಿರುತ್ತವೆ. ಕೂಗಿ ಎಚ್ಚರಿಸುವ ಬ್ಯಾಟರಿ ಡಿಟೆಕ್ಟರನ್ನೇ ಕೊಳ್ಳಿ.

ಎರಡೂ ಅಲ್ಲದ ಸದ್ದು

ಹೆಡ್‌ಸೆಟ್‌ನಲ್ಲಿ ಕಿಂಯ್ ಅಂತ ಕೇಳಿಸಿ ಆರ್‌ಪಿಎಂ ಜೊತೆ ಏರಿಳಿದರೆ ಆಲ್ಟರ್ನೇಟರ್‌ನ ವಿದ್ಯುತ್ ಗದ್ದಲ. ಹೆಡ್‌ಸೆಟ್ ಒಂದು ಕಿವಿಯಿಂದ ಸರಿಸಿ ನೋಡಿ. ಸದ್ದು ಹೋದರೆ ಅದು ತಂತಿಯಲ್ಲಿದೆ, ವಿಮಾನದಲ್ಲಿಲ್ಲ. ಮೇಲೇರಿದಾಗ ಮುಚ್ಚಿದ ಬಾಟಲಿ ಫಟ್ ಅನ್ನುವುದು, ತಗಡು ಟಪ್ ಅನ್ನುವುದು ಮಾಮೂಲು.

ಒಂದು ಸದ್ದನ್ನು ಮಾತ್ರ ಹುಡುಕುತ್ತಾ ಕೂರಬಾರದು: ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಹತ್ತಿರ ಬಂತು ಅಂತ ಎಚ್ಚರಿಸುವ ಪೀಪಿ. ಸೆಸ್ನಾ 172ರಲ್ಲಿ ಎಡ ರೆಕ್ಕೆಯ ಮುಂದಿನ ಅಂಚಿನ ತೂತಿನಿಂದ ಗಾಳಿ ಎಳೆದುಕೊಂಡು ಅದು ಊದುತ್ತದೆ, ಸ್ಟಾಲ್ ಆಗುವುದಕ್ಕೆ 5ರಿಂದ 10 ನಾಟ್ ಮೊದಲೇ. ಎಲ್ಲಿಂದ ಬಂತು ಅಂತ ನೋಡಬೇಡಿ, ಮೂಗು ಇಳಿಸಿ.

ರಾತ್ರಿ ಹೊತ್ತು, ನೀರಿನ ಮೇಲೆ, ಬೆಟ್ಟದ ಮೇಲೆ ಹಾರುವಾಗ ಎಂಜಿನ್ ಒರಟಾದ ಹಾಗೆ ಅನ್ನಿಸುವುದುಂಟು. ಪೈಲಟ್‌ಗಳು ಇದಕ್ಕೆ ಆಟೋಮ್ಯಾಟಿಕ್ ರಫ್ ಅನ್ನುತ್ತಾರೆ. ಭಯ ಕಿವಿಯನ್ನು ಚುರುಕು ಮಾಡುತ್ತದೆ. ಹೀಗನ್ನಿಸಿದರೆ ಮನಸ್ಸಿಗೆ ಬೈದು ಸುಮ್ಮನಾಗಬೇಡಿ. ಆಯಿಲ್ ಪ್ರೆಶರ್, ಆಯಿಲ್ ಉಷ್ಣತೆ, ಆರ್‌ಪಿಎಂ ಮೂರೂ ಓದಿ.

ಹಂತ 4: ಎಲ್ಲಿ ಇಳಿಯುವುದು?

ಆಯಿಲ್ ಪ್ರೆಶರ್ ಇಳಿದು ಉಷ್ಣತೆ ಏರುತ್ತಿದ್ದರೆ, ಎಂಜಿನ್ ಬಲ ಕಮ್ಮಿ ಆಗುತ್ತಿದ್ದರೆ, ನಡುಕ ನಿಲ್ಲದಿದ್ದರೆ ಹತ್ತಿರದ ಜಾಗದಲ್ಲಿ ಈಗಲೇ ಇಳಿಯಿರಿ. ರೇಡಿಯೋದಲ್ಲಿ ಮೇಡೇ (ಆಪತ್ತಿನ ಕರೆ) ಅನ್ನಲು ನಾಚಬೇಡಿ. ಇಂಧನದ ಮುಚ್ಚಳ ಸಡಿಲವಾಗಿದೆ ಅನ್ನುವ ಅನುಮಾನ ಇದ್ದರೂ ಹತ್ತಿರದ ರನ್‌ವೇ, ಯಾಕೆಂದರೆ ರೆಕ್ಕೆಯ ಮೇಲಿನ ಗಾಳಿ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಬಿಡುತ್ತದೆ. ಬೆಲ್ಟ್ ಅಂತ ಕಣ್ಣಾರೆ ಕಂಡರೆ ಹೋಗುವ ಕಡೆ ಹೋಗಬಹುದು. ಆದರೂ ನಾನಾದರೆ ಇಳಿದು ಸರಿ ಮಾಡಿಕೊಂಡೇ ಹೋಗುತ್ತೇನೆ.

ಹಂತ 5: ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಿ

"ಏನೋ ಸೌಂಡ್ ಬರ್ತಿತ್ತು" ಅಂದರೆ ಯಾರಿಗೂ ಏನೂ ಸಿಗುವುದಿಲ್ಲ. ಎಂಜಿನ್ ಆಫ್ ಮಾಡಿದ ಕೂಡಲೇ, ಸೀಟಿನಲ್ಲಿ ಕೂತಲ್ಲೇ ಬರೆದಿಡಿ: ಎಷ್ಟು ಆರ್‌ಪಿಎಂ, ಎಷ್ಟು ನಾಟ್, ಎಷ್ಟು ಎತ್ತರ, ಹೊರಗಿನ ಉಷ್ಣತೆ ಎಷ್ಟು, ಏನು ಬದಲಿಸಿದಾಗ ಸದ್ದು ಬದಲಾಯಿತು. ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಶುರು ಮಾಡಿದಾಗ ಒಂದೆರಡು ನಿಮಿಷ ಒರಟಾಗಿ ಓಡಿ ಆಮೇಲೆ ನಯವಾದರೆ ಅದನ್ನೂ ಬರೆಯಿರಿ. ಎಕ್ಸಾಸ್ಟ್ ವಾಲ್ವ್ ಅಂಟಿಕೊಳ್ಳಲು ಶುರುವಾಗಿರುವ ಗುರುತು ಅದು. ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂತ ಜನ ಬಿಟ್ಟುಬಿಡುತ್ತಾರೆ, ಆ ವಾಲ್ವ್ ಮುಂದೊಂದು ದಿನ ಆಕಾಶದಲ್ಲಿ ಅಂಟಿಕೊಳ್ಳುತ್ತದೆ.

ಮೆಕ್ಯಾನಿಕ್ ನೋಡಿ ಏನೂ ಇಲ್ಲ ಅಂದರೆ ಅವರ ಜೊತೆ ಕೂತು ನೆಲದ ಮೇಲೇ ಅದೇ ಆರ್‌ಪಿಎಂನಲ್ಲಿ ಎಂಜಿನ್ ಓಡಿಸಿ, ನಿಮ್ಮ ಚೀಟಿಯನ್ನು ಸಾಲು ಸಾಲಾಗಿ ಓದಿ ಹೇಳಿ. ಸದ್ದಿಗೆ ಒಂದು ಕಾರಣ ಸಿಗುವವರೆಗೆ ಬೇರೆಯವರನ್ನು ಕೂರಿಸಿಕೊಂಡು ಹಾರಬೇಡಿ.