ಎಕ್ಸ್‌ರೇದಾಗ ಕಾಣದ್ದು ಐಸ್‌ಕ್ರೀಂ ಕಡ್ಡಿಗೆ ಸಿಕ್ಕಿತು

"ಮೋಟಾರ್ ವೈಂಡಿಂಗ್ ಮಾಡೋರಿಗೆ ಹಲ್ಲಿನ ಉಸಾಬರಿ ಯಾಕ್ರೀ?" ಅಂತ ಮನೆಯಾಕೆ ನಕ್ಕಿದ್ದಳು. ಈಗ ನಗೋದಿಲ್ಲ.

ನಾಲ್ಕು ತಿಂಗಳು ಬಲಗಡೆ ಕಡಕ್ ರೊಟ್ಟಿ ಕಡಿದರೆ ಕರೆಂಟು ಹೊಡೆದಂಗೆ ಆಗೋದು, ಅದೂ ದಿನಾ ಅಲ್ಲ. ಹುಬ್ಬಳ್ಳಿಯೊಳಗೇ ಇಬ್ಬರಿಗೆ ತೋರಿಸಿದೆ. ಎಕ್ಸ್‌ರೇದಾಗ ಏನೂ ಇಲ್ಲ. ಎರಡನೆಯವರು ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಅಂದರು, ಐದು ಸಾವಿರದ ಮೇಲೆ, ಕ್ಯಾಪ್ ಬೇರೆ. ಒಲ್ಲೆ ಅಂತ ಎದ್ದು ಬಂದೆ. ಅಷ್ಟರೊಳಗೆ ಫೀಸು, ಗುಳಿಗೆ ಸೇರಿ ಸಾವಿರದ ಐನೂರು ಹೋಗಿತ್ತು.

ನಾನೂ ಕಡಿಮೆ ತಪ್ಪು ಮಾಡಿಲ್ಲ. ಹದಿನೈದು ದಿನ ಲವಂಗದ ಎಣ್ಣೆ ಹಚ್ಚಿದೆ. ಇಡೀ ಭಾಗವೇ ಜೋಮು ಹಿಡಿದ ಮೇಲೆ ಯಾವ ಹಲ್ಲು ಅಂತ ಹುಡುಕೋದು? ಜಜ್ಜಿದ ಬೆಳ್ಳುಳ್ಳಿ ಇಟ್ಟು ಒಸಡು ಬೆಳ್ಳಗೆ ಸುಟ್ಟುಕೊಂಡೆ. ಒಂದು ವಾರ ಕೆಂಪು ಚಟ್ನಿ ಬಂದ್. ಟಾರ್ಚು, ಕನ್ನಡಿ ಹಿಡಿದು ಮೊಬೈಲಿನಲ್ಲಿ ಅರವತ್ತು ಫೋಟೊ ತೆಗೆದೆ, ಎಲ್ಲದರಲ್ಲೂ ನಾಲಿಗೆಯೇ.

ಎಲ್ಲ ಬಿಟ್ಟು, ಎರಡು ದಿನ ಗುಳಿಗೆಯನ್ನೂ ನಿಲ್ಲಿಸಿ ಶುರು ಮಾಡಿದೆ. ಬಟ್ಟೆಯಲ್ಲಿ ಐಸ್ ಚೂರು ಸುತ್ತಿ ಒಂದೊಂದೇ ಹಲ್ಲಿಗೆ ಇಟ್ಟೆ. ಜುಂ ಅಂದಿದ್ದು ಮೇಲಿನದಲ್ಲ, ಕೆಳಗಿನದು! ನಾಲ್ಕೈದು ಸೆಕೆಂಡಿಗೆ ನಿಂತಿತು. ಅರ್ಧ ನಿಮಿಷ ಎಳೆದಿದ್ದರೆ, ರಾತ್ರಿ ಸಿಡಿದಿದ್ದರೆ, ಒಳಗಿನ ನರಕ್ಕೇ ತಾಗಿದೆ ಅಂತ ಕೈಬಿಡುತ್ತಿದ್ದೆ. ಚಮಚದ ಹಿಡಿಯಿಂದ ತಟ್ಟಿದರೆ ಸುಮ್ಮನಿತ್ತು. ಬಗ್ಗಿ ಬೂಟಿನ ಲೇಸು ಕಟ್ಟಿದೆ, ಏನಿಲ್ಲ. ಹೋದ ವರ್ಷ ನೆಗಡಿಯಾದಾಗ ಬಗ್ಗಿದರೆ ಮೇಲಿನ ಮೂರು ಹಲ್ಲು ಒಟ್ಟಿಗೇ ನೋಯುತ್ತಿದ್ದವು, ಅದು ಸೈನಸ್ಸು. (ಬಾವು, ಜ್ವರ ಬಂದಿದ್ದರೆ ಈ ಆಟ ಬೇಡ, ನೆಟ್ಟಗೆ ಡಾಕ್ಟರ ಕಡೆ.)

ಆಮೇಲೆ ಐಸ್‌ಕ್ರೀಂ ಕಡ್ಡಿ. ಸಣ್ಣಗೆ ಸೀಳಿ, ಅದೇ ಹಲ್ಲಿನ ಒಂದೊಂದು ಮೂಲೆಗೆ ಇಟ್ಟು ಕಚ್ಚಿದೆ. ಕಚ್ಚುವಾಗ ಏನಿಲ್ಲ, ಬಿಟ್ಟ ಕೂಡಲೇ ಛಟ್! ಹಿಂದಿನ ಒಳಮೂಲೆ ಒಂದರಲ್ಲೇ, ಹತ್ತು ಸಲಕ್ಕೆ ಎಂಟು ಸಲ. ಕಡ್ಡಿಗೆ ಏನು ಸುತ್ತಿದ್ದೆ ಅನ್ನೋದು ನನ್ನ ಹತ್ರಾನೇ ಇರಲಿ. ಹತ್ತು ವರ್ಷದ ಹಿಂದೆ ಬೆಳ್ಳಿ ಸಿಮೆಂಟು ತುಂಬಿಸಿದ್ದ ಹಲ್ಲದು. ಬಿರುಕು ಅಂತ ಅವತ್ತೇ ಬರೆದಿಟ್ಟೆ.

ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಮೂರನೆಯವರಿಗೆ ಮೂಲೆಯ ಸಮೇತ ಹೇಳಿದೆ. ನಕ್ಕರು. ಹಳೆ ಸಿಮೆಂಟು ತೆಗೆದು ನೀಲಿ ಬಣ್ಣ ಹಚ್ಚಿದಾಗ ಕೂದಲೆಳೆಯಂಥ ಗೀರು ಎದ್ದಿತು. "ಹೆಂಗ್ ಹಿಡದ್ರಿ ಇದನ್ನ?" ಅಂದರು. ಕ್ಯಾಪಿಗೆ ಆರು-ಏಳು ಸಾವಿರ ಆಯಿತು, ರೂಟ್ ಕೆನಾಲ್ ಬೇಕಾಗಲಿಲ್ಲ.

ಕಡಕ್ ರೊಟ್ಟಿ ಮಾತ್ರ ಇನ್ನೂ ಎಡಗಡೆಯೇ ಅಗಿಯುತ್ತೇನೆ.