ದೂರದ ಎರಡು ನಗರಗಳ ನಡುವೆ ವಿಮಾನಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ಚಪ್ಪಟೆ ನಕಾಶೆಯ ಮೇಲೆ ಸ್ಕೇಲ್ ಇಟ್ಟು ವಿಮಾನದ ದೂರ ಅಳೆಯಬೇಡಿ. ಲಂಡನ್‌ನಿಂದ ಟೋಕಿಯೋಗೆ ಅತಿ ಹತ್ತಿರದ ದಾರಿ ಉತ್ತರಕ್ಕೆ ಬಾಗಿ ಸೈಬೀರಿಯಾದ ಮೇಲೆ ಸಾಗುತ್ತದೆ. ನಕಾಶೆಯಲ್ಲಿ ಅದು ಸುತ್ತುದಾರಿಯಂತೆ ಕಾಣುತ್ತದೆ, ಅಷ್ಟೆ. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ವಿಷಯ ತಿಳಿಯುತ್ತದೆ.

ಮೊದಲು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಊರಿನ ನಡುಭಾಗದ್ದು ಬೇಡ. ಲಂಡನ್ ಹೀಥ್ರೂ: ಉತ್ತರ 51.47, ಪಶ್ಚಿಮ 0.45. ನ್ಯೂಯಾರ್ಕಿನ ಜಾನ್ ಎಫ್. ಕೆನಡಿ: ಉತ್ತರ 40.64, ಪಶ್ಚಿಮ 73.78. ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಚಿಹ್ನೆ ಹಾಕಿ. 51 ಡಿಗ್ರಿ 28 ನಿಮಿಷವನ್ನು 51.28 ಎಂದು ಬರೆಯುವವರಿದ್ದಾರೆ. ನಿಮಿಷವನ್ನು 60ರಿಂದ ಭಾಗಿಸಬೇಕು. ಇದೊಂದರಲ್ಲೇ ಸುಮಾರು 21 ಕಿ.ಮೀ. ತಪ್ಪುತ್ತದೆ.

ಈಗ ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಬೇರೆಯಾಗಿ, ಅವುಗಳ ಕೊಸೈನ್‌ಗಳನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ. ಎರಡನ್ನೂ ಕೂಡಿಸಿದರೆ ಇಲ್ಲಿ 0.6451. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರಿನ cos⁻¹) 49.83 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.19 ಕಿ.ಮೀ.ಯಂತೆ ಸುಮಾರು 5,540 ಕಿ.ಮೀ. ಲೆಕ್ಕದ ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆಯೇ (ಕೋನದ ಇನ್ನೊಂದು ಅಳತೆ) ನೋಡಿ.

ನಿಗದಿತ ವಾಯುಮಾರ್ಗ, ಹವಾಮಾನ, ರನ್‌ವೇಯ ದಿಕ್ಕು ಇವುಗಳಿಂದಾಗಿ ನಿಜವಾದ ಹಾರಾಟ ಇದಕ್ಕಿಂತ ಉದ್ದ. ಇಲ್ಲಿ ಶೇ. 4 ಸೇರಿಸಿದರೆ ಸುಮಾರು 5,760 ಕಿ.ಮೀ. ಮುಚ್ಚಿದ ವಾಯುಪ್ರದೇಶವಿದ್ದರೆ ಈ ಅಂದಾಜು ಸಾಲದು. 2022ರಲ್ಲಿ ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ ಲಂಡನ್–ಟೋಕಿಯೋ ಪ್ರಯಾಣ ಸುಮಾರು 2 ತಾಸು ಹಿಗ್ಗಿತು.

ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಹಿಡಿಯಿರಿ. ಗಾಳಿಯನ್ನು ಮಾತ್ರ ಬಿಡಬೇಡಿ, ಹೆಚ್ಚಿನ ಲೆಕ್ಕಗಳು ಕೆಡುವುದೇ ಅಲ್ಲಿ. ಉತ್ತರ ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ ಎಂಬ ಬಹು ಎತ್ತರದ ರಭಸದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 100 ಕಿ.ಮೀ. ಗಾಳಿ ಇದೆಯೆಂದರೆ, ಹೋಗುವಾಗ ವೇಗ 800, ಬರುವಾಗ 1,000. ಮೇಲೇರಲು, ಇಳಿಯಲು, ನೆಲದ ಮೇಲೆ ಸಾಗಲು 40 ನಿಮಿಷ ಸೇರಿಸಿ. ನ್ಯೂಯಾರ್ಕಿಗೆ 7 ತಾಸು 52 ನಿಮಿಷ, ವಾಪಸ್ 6 ತಾಸು 26 ನಿಮಿಷ. ಹೋಗುವಾಗ ಕಳೆದ ಹೊತ್ತು ಬರುವಾಗ ಪೂರ್ತಿ ಮರಳಿ ಸಿಗುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ.

ನಡುವೆ ವಿಮಾನ ಬದಲಿಸುವುದಿದ್ದರೆ ಪ್ರತಿ ಹಂತವನ್ನೂ ಬೇರೆಯಾಗಿ ಲೆಕ್ಕ ಹಾಕಿ. ಆ 40 ನಿಮಿಷ ಪ್ರತಿ ಹಂತಕ್ಕೂ ಬೇಕು. ಕಾಯುವ ಹೊತ್ತು ಅದರ ಮೇಲೆ.

ಟಿಕೆಟ್ಟಿನಲ್ಲಿ ಇರುವುದೆಲ್ಲ ಸ್ಥಳೀಯ ಸಮಯ. ಲಂಡನ್ನಿನಲ್ಲಿ ಬೆಳಗ್ಗೆ 11ಕ್ಕೆ ಹೊರಟು ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 2ಕ್ಕೆ ಇಳಿದರೆ ಪ್ರಯಾಣ 3 ತಾಸಲ್ಲ, 8 ತಾಸು; ಅಲ್ಲಿನ ಗಡಿಯಾರ 5 ತಾಸು ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ಕೊನೆಯ ಭಾನುವಾರದವರೆಗೆ, ಮತ್ತೆ ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಈ ಅಂತರ 4 ತಾಸು ಮಾತ್ರ, ಏಕೆಂದರೆ ಬೇಸಿಗೆಗೆ ಗಡಿಯಾರವನ್ನು ಒಂದು ತಾಸು ಮುಂದಿಟ್ಟು, ಆಮೇಲೆ ಹಿಂದಕ್ಕೆ ತಿರುಗಿಸುವುದು ಎರಡು ದೇಶಗಳಲ್ಲೂ ಒಂದೇ ದಿನವಲ್ಲ.