ಓದುವವಳು ಮೊಮ್ಮಗಳು, ಅರ್ಥ ಹೇಳುವವಳು ಅಜ್ಜಿ

ನನ್ನ ಅಮ್ಮ ಬೆಳ್ತಂಗಡಿ ಕಡೆಯವಳು. ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತುಳು ಬಿಟ್ಟರೆ ಬೇರೆ ಮಾತು ಬಾರದು. ಮೈಸೂರಿನಲ್ಲಿ ಬೆಳೆಯುತ್ತಿರುವ ನನ್ನ ಆರು ವರ್ಷದ ಮಗಳಿಗೆ ಕನ್ನಡ ಮಾತ್ರ ಗೊತ್ತು. ಅವಳಿಗೆ ತುಳು ಕಲಿಸದೆ ಬಿಟ್ಟವಳು ನಾನೇ.

ಕಳೆದ ಮಳೆಗಾಲದಲ್ಲಿ ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ಒಂದು ಸಂಜೆ ‘ಕಾರ್ ಬೇನೆ’ ಎಂದು ನರಳಿದಳು. ಮಗಳು ಓಡಿಹೋಗಿ ತನ್ನ ಆಟದ ಕಾರನ್ನು ತಂದು ಅಜ್ಜಿಯ ಮಡಿಲಲ್ಲಿಟ್ಟಳು. ತುಳುವಿನಲ್ಲಿ ಕಾರ್ ಎಂದರೆ ಕಾಲು. ಅಮ್ಮ ಆ ಕೆಂಪು ಕಾರನ್ನು ಹಿಡಿದುಕೊಂಡು ತುಂಬ ಹೊತ್ತು ಕುಳಿತಿದ್ದಳು. ಅದೇ ನನ್ನ ಚಿತ್ರಪುಸ್ತಕದ ಮೊದಲ ಪುಟವಾಯಿತು.

ಶಾಲೆಯಲ್ಲಿ ಚಿತ್ರಕಲೆ ಕಲಿಸುವುದರಿಂದ ಚಿತ್ರ ಬರೆಯುವುದು ಕಷ್ಟವಾಗಲಿಲ್ಲ. ಮಾತು ಕಷ್ಟವಾಯಿತು. ಮೊದಲು ಎಡಪುಟದಲ್ಲಿ ತುಳು, ಬಲಪುಟದಲ್ಲಿ ಕನ್ನಡ ಬರೆದೆ. ಮಗಳು ಬಲಪುಟವನ್ನಷ್ಟೇ ಓದಿ ಮುಗಿಸಿದಳು. ಅಜ್ಜಿ ಪಕ್ಕದಲ್ಲಿ ಸುಮ್ಮನೆ ಕುಳಿತೇ ಇದ್ದಳು. ಕನ್ನಡವನ್ನು ಪೂರ್ತಿ ತೆಗೆದುಹಾಕಿದೆ. ಉಳಿದದ್ದು ಕನ್ನಡ ಲಿಪಿಯಲ್ಲಿ ಬರೆದ ತುಳು ಮಾತ್ರ. ಮಗಳಿಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಅಜ್ಜಿಗೆ ಅರ್ಥ ಗೊತ್ತು, ಅಕ್ಷರ ಗೊತ್ತಿಲ್ಲ. ಇಬ್ಬರೂ ಕೂಡದೆ ಪುಸ್ತಕ ಮುಂದೆ ಸಾಗುವುದಿಲ್ಲ.

ಚಿತ್ರವೂ ಅರ್ಥವನ್ನು ಬಿಟ್ಟುಕೊಡಬಾರದಲ್ಲ! ‘ಪಿಲಿ ಬತ್ತ್ಂಡ್’ ಎಂಬ ಪುಟದಲ್ಲಿ ಪೊದೆ ಮತ್ತು ಎರಡು ಕಣ್ಣುಗಳನ್ನಷ್ಟೇ ಬರೆದೆ. ಮಗಳು ಕೇಳಿದಾಗ ಅಜ್ಜಿ ಕಾಲುನೋವು ಮರೆತು ಎದ್ದು ಹುಲಿವೇಷದ ಹೆಜ್ಜೆ ಹಾಕಿ ತೋರಿಸಿದಳು. ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ ಎಂದು ತಿಳಿದ ದಿನ ಮಗಳು ಮನೆಯೆಲ್ಲ ಕುಣಿದಳು.

ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವುದು ಹೊಸದೇನಲ್ಲ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ತುಳು ನಿಘಂಟಿನಲ್ಲಿಯೂ ಅದೇ ಲಿಪಿ. ಆದರೆ ತುಳುವಿನ ಎಲ್ಲ ಉಚ್ಚಾರಗಳೂ ಅದರಲ್ಲಿ ಹಿಡಿಯುವುದಿಲ್ಲ. ‘ಯಾನ್ ಬತ್ತೆ’ ಎಂದರೆ ನಾನು ಬಂದೆ. ‘ಆಯೆ ಬತ್ತೆ’ ಎಂದರೆ ಅವನು ಬಂದ. ಬರೆದರೆ ಎರಡೂ ಒಂದೇ, ಆಡಿದರೆ ಬೇರೆ: ಮೊದಲನೆಯದರ ಕೊನೆಯ ಸ್ವರಕ್ಕೆ ಬಾಯಿ ಇನ್ನೂ ಅಗಲವಾಗಬೇಕು. ನಾನು ಯಾವ ಚಿಹ್ನೆಯನ್ನೂ ಹಾಕಲಿಲ್ಲ. ಮಗಳು ತಪ್ಪು ಓದಿದಾಗ ಅಮ್ಮ ಅವಳ ಗಲ್ಲ ಹಿಡಿದು ಬಾಯಿ ಅಗಲಿಸಿ ತಿದ್ದಿದಳು. ಅಕ್ಷರ ಕಲಿಯದ ನನ್ನ ಅಮ್ಮ ಓದು ತಿದ್ದುವುದನ್ನು ನಾನು ನೋಡಿದ್ದು ಅದೇ ಮೊದಲು.

ನಾಲ್ಕು ಎ4 ಹಾಳೆಗಳನ್ನು ಮಡಚಿದರೆ 16 ಪುಟ. ಬಣ್ಣದ ಜೆರಾಕ್ಸ್ ಮಾಡಿಸಿ, ನಡುವೆ ದಪ್ಪ ದಾರದಿಂದ ಹೊಲಿದು, ಒಂದು ಪ್ರತಿಯನ್ನು ಅಮ್ಮನ ಜೊತೆ ಊರಿಗೆ ಕಳಿಸಿದೆ. ಅವಳಿಗೆ ಪುಟಸಂಖ್ಯೆ ಓದಲು ಬಾರದು. ಹಾಗಾಗಿ ಪ್ರತಿ ಪುಟದ ಮೂಲೆಯಲ್ಲೂ ಒಂದೊಂದು ಹಣ್ಣು, ತರಕಾರಿ ಬರೆದಿದ್ದೇನೆ. ಭಾನುವಾರ ವಿಡಿಯೊ ಕರೆಯಲ್ಲಿ ಇಬ್ಬರೂ ಅದನ್ನು ಹುಡುಕಿ ಒಂದೇ ಪುಟ ತೆರೆಯುತ್ತಾರೆ. ಕಳೆದ ವಾರ ಅಮ್ಮ ಇನ್ನೂ ಕನ್ನಡಕ ಹುಡುಕುತ್ತಿದ್ದಳು. ಮಗಳು ಮಾವಿನಹಣ್ಣಿನ ಪುಟ ತೆರೆದು, ಮೊಬೈಲಿನ ಹತ್ತಿರ ಬಾಯಿ ತಂದು ಕೂಗಿದಳು: “ಅಜ್ಜಿ, ಕುಕ್ಕು!”